ಜೋಡಿ ಕಟ್ಟುವ ಅಧಿಕಾರ ಪೈಲ್ವಾನನ ಕೈಗೇ ಕೊಟ್ಟರೆ?

ಅರ್ಧ ಆಟ ಮುಗಿದಾಗ 65–0. ಪೂರ್ತಿ ಮುಗಿದಾಗ 71–0.

ಇದು 2024ರ ಸೆಪ್ಟೆಂಬರ್ 14ರಂದು ಅಮೆರಿಕದ ಟೆನೆಸೀ ವಿಶ್ವವಿದ್ಯಾಲಯದ ಮೈದಾನದಲ್ಲಿ ನಡೆದದ್ದು. ಲಕ್ಷ ಜನ ಕೂರುವ ಕ್ರೀಡಾಂಗಣ. ಎದುರಿಗಿದ್ದವರು ಓಹಾಯೋ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರು. ಒಂದೇ ವಾರ ಕಳೆಯಿತು. ಮೈಕೈ ನೋವು ಆರುವ ಮೊದಲೇ ಅದೇ ಹುಡುಗರು ಪೆನ್ ಸ್ಟೇಟ್ ಎಂಬ ಇನ್ನೊಂದು ದೈತ್ಯ ತಂಡದ ಮೈದಾನಕ್ಕೆ ಹೋದರು. ಅಲ್ಲಿ 56–0. ಆ ವರ್ಷ ಕೆಂಟ್ ಸ್ಟೇಟ್ ಆಡಿದ್ದು 12 ಪಂದ್ಯ, ಸೋತದ್ದೂ 12.

ಸೋಲುವುದು ಗೊತ್ತಿದ್ದೂ ಯಾಕೆ ಹೋದರು? ದುಡ್ಡಿಗಾಗಿ. ಗೆಲ್ಲುವುದು ಗೊತ್ತಿದ್ದೂ ದೊಡ್ಡವರು ಯಾಕೆ ಕರೆದರು? ಗೆಲುವಿನ ಲೆಕ್ಕಕ್ಕಾಗಿ.

ಇಷ್ಟು ದೂರದ ಆಟದ ಬಗ್ಗೆ ಬರೆಯುವುದಕ್ಕೆ ನಮಗೆ ಎರಡು ಕಾರಣ. ಈ ಆಟದ ತುಣುಕುಗಳು ಈಗ ನಮ್ಮ ಊರಿನ ಮೊಬೈಲುಗಳಲ್ಲೂ ಓಡುತ್ತಿವೆ. ನಮ್ಮ ಜಿಲ್ಲೆಗಳಿಂದ ಓದಲು ಹೋದ ಮಕ್ಕಳು ಆ ಕಾಲೇಜುಗಳ ಬಣ್ಣದ ಅಂಗಿ ತೊಟ್ಟು ಫೋಟೊ ಹಾಕುತ್ತಾರೆ. ಇನ್ನೊಂದು ಕಾರಣ, ದುಡ್ಡು ಕೊಟ್ಟು ಗೆಲುವು ಕೊಂಡುಕೊಳ್ಳುವುದನ್ನು ಇಷ್ಟು ರಾಜಾರೋಷವಾಗಿ, ರಸೀದಿ ಸಮೇತ ಮಾಡುವ ಕ್ರೀಡೆ ನಾವು ಬೇರೆ ನೋಡಿಲ್ಲ. ಇದು ತಪ್ಪು ಎಂದೇ ನಮ್ಮ ವಾದ. ಯಾಕೆ ಎಂದು ಒಂದೊಂದಾಗಿ ಹೇಳುತ್ತೇವೆ.

ಮೊದಲು ಆಟ ಏನು ಅಂತ ತಿಳಿಯೋಣ

ನಮಗೆ ಫುಟ್‌ಬಾಲ್ ಅಂದರೆ ಕಾಲಲ್ಲಿ ಒದೆಯುವ ಚೆಂಡು. ಅಮೆರಿಕದವರು ಫುಟ್‌ಬಾಲ್ ಅನ್ನುವುದೇ ಬೇರೆ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಹೆಗಲಿಗೆ ಪ್ಯಾಡ್. ಒಂದೊಂದು ಕಡೆ 11 ಜನ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಜೊತೆಗಾರನಿಗೆ ಎಸೆಯಬೇಕು. ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ನಾಲ್ಕು ಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಕೊನೆಯ ಗೆರೆ ದಾಟಿದರೆ 6 ಅಂಕ. ನಮ್ಮ ಕಬಡ್ಡಿಯಂತೆಯೇ ಇಲ್ಲೂ ಹಿಡಿತ, ಬಲ, ಉಸಿರು ಮೂರೂ ಬೇಕು. ಪೆಟ್ಟು ಮಾತ್ರ ಇನ್ನೂ ಜೋರು.

ಕಾಲೇಜು ಹುಡುಗರು ಆಡುವ ಈ ಆಟದ ಮೇಲಿನ ದರ್ಜೆಯಲ್ಲಿ 2025ರಲ್ಲಿ 136 ತಂಡಗಳಿದ್ದವು. ಇವು ‘ಕಾನ್ಫರೆನ್ಸ್’ ಎಂಬ ಕೂಟಗಳಾಗಿ ಹಂಚಿಕೊಂಡಿವೆ. ಎಸ್‌ಇಸಿ ಎಂಬ ಕೂಟದಲ್ಲಿ 16 ತಂಡ. ‘ಬಿಗ್ ಟೆನ್’ ಅಂದರೆ ‘ದೊಡ್ಡ ಹತ್ತು’ ಎಂಬ ಕೂಟದಲ್ಲಿ 18 ತಂಡ! ಹತ್ತು ಅಂದರೆ ಹದಿನೆಂಟು ಅನ್ನುವವರ ಲೆಕ್ಕದ ಬಗ್ಗೆ ಆಗಲೇ ಅನುಮಾನ ಬರಬೇಕಿತ್ತು.

ಒಂದು ತಂಡಕ್ಕೆ ವರ್ಷಕ್ಕೆ 12 ಪಂದ್ಯ. ಅದರಲ್ಲಿ 8 ಅಥವಾ 9 ತನ್ನ ಕೂಟದೊಳಗೇ. ಉಳಿದ ಮೂರೋ ನಾಲ್ಕೋ ಪಂದ್ಯ ಕೂಟದ ಹೊರಗಿನವರ ಜೊತೆ. ನಾವು ಮಾತಾಡುತ್ತಿರುವುದು ಈ ಹೊರಗಿನ ಮೂರು–ನಾಲ್ಕು ಪಂದ್ಯಗಳ ಬಗ್ಗೆ. ಕೂಟದೊಳಗಿನ ಪಂದ್ಯವನ್ನು ಕೂಟವೇ ನಿಗದಿ ಮಾಡುತ್ತದೆ. ಹೊರಗಿನ ಎದುರಾಳಿಯನ್ನು ಮಾತ್ರ ಆಯಾ ಕಾಲೇಜೇ ಆರಿಸಿಕೊಳ್ಳುತ್ತದೆ.

ಕೊನೆಗೆ 13 ಜನರ ಆಯ್ಕೆ ಸಮಿತಿ ಕೂತು, ಯಾರು ರಾಷ್ಟ್ರಮಟ್ಟದ ಪ್ಲೇಆಫ್‌ಗೆ ಹೋಗಬೇಕು ಎಂದು ನಿರ್ಧರಿಸುತ್ತದೆ. 2014ರಿಂದ 2023ರ ತನಕ 4 ತಂಡಕ್ಕೆ ಅವಕಾಶವಿತ್ತು. 2024ರಿಂದ 12 ತಂಡಕ್ಕೆ. ಐಪಿಎಲ್‌ನಂತೆ ಒಂದೇ ಅಂಕಪಟ್ಟಿ ಇಲ್ಲ. 136 ತಂಡಗಳಲ್ಲಿ ಹೆಚ್ಚಿನವು ಒಬ್ಬರನ್ನೊಬ್ಬರು ಎದುರಿಸುವುದೇ ಇಲ್ಲ. ಹಾಗಾಗಿ ಯಾರು ಎಷ್ಟು ಗೆದ್ದರು, ಯಾರ ಮೇಲೆ ಗೆದ್ದರು ಎಂದು ನೋಡಿ ಅಂದಾಜಿನ ಮೇಲೆ ತೀರ್ಪು.

ಅಖಾಡದ ನಿಯಮ

ಮೈಸೂರು ದಸರಾ ಕುಸ್ತಿಗೆ ಮುಂಚೆ ‘ಜೋಡಿ ಕಟ್ಟುವ’ ಕೆಲಸ ನಡೆಯುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಪೈಲ್ವಾನರು ಬಂದು ನಿಲ್ಲುತ್ತಾರೆ. ತಿಳಿದವರು ಮೈಕಟ್ಟು, ತೂಕ, ಅನುಭವ ನೋಡಿ ಇವನಿಗೆ ಇವನು ಸರಿ ಎಂದು ಜೋಡಿ ಮಾಡುತ್ತಾರೆ. ಜೋಡಿ ಸರಿಯಿದ್ದರೆ ಮಾತ್ರ ಕುಸ್ತಿ, ಇಲ್ಲದಿದ್ದರೆ ಅದು ಹೊಡೆತ.

ಈಗ ಒಂದು ಕ್ಷಣ ಯೋಚಿಸಿ. ಆ ಜೋಡಿ ಕಟ್ಟುವ ಅಧಿಕಾರವನ್ನು ದೊಡ್ಡ ಪೈಲ್ವಾನನ ಕೈಗೇ ಕೊಟ್ಟರೆ? ‘ನಿನಗೆ ಯಾರು ಬೇಕೋ ಕರೆದುಕೋ, ದುಡ್ಡು ಕೊಟ್ಟಾದರೂ ಕರೆಸು, ಎಷ್ಟು ಜನರನ್ನು ಕೆಡವಿದೆ ಎಂದು ಎಣಿಸಿ ಗದೆ ಕೊಡುತ್ತೇವೆ’ ಅಂದರೆ? ಅವನು ತನ್ನ ಸಮದವನನ್ನು ಕರೆಯುತ್ತಾನೆಯೇ? ಪಕ್ಕದ ಬೀದಿಯ ಶಾಲಾ ಹುಡುಗನನ್ನು ಕರೆಯುತ್ತಾನೆ.

ಅಮೆರಿಕದ ಕಾಲೇಜು ಫುಟ್‌ಬಾಲ್ ಮಾಡಿರುವುದು ಇದನ್ನೇ.

‘ಗ್ಯಾರಂಟಿ’ ಎಂಬ ವ್ಯಾಪಾರ

ಇಂಥ ಪಂದ್ಯಕ್ಕೆ ಅಲ್ಲಿ ‘ಗ್ಯಾರಂಟಿ ಗೇಮ್’ ಎಂದು ಹೆಸರು. ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಅಂದರೆ ಬಸ್ಸು, ಅಕ್ಕಿ, ಕರೆಂಟು. ಅಲ್ಲಿ ಗ್ಯಾರಂಟಿ ಅಂದರೆ ದೊಡ್ಡ ಕಾಲೇಜು ಸಣ್ಣ ಕಾಲೇಜಿಗೆ ಮುಂಗಡವಾಗಿ ಒಪ್ಪಿಕೊಂಡ ಮೊತ್ತ. ಬನ್ನಿ, ನಮ್ಮ ಮೈದಾನದಲ್ಲಿ ಆಡಿ, ಗೆದ್ದರೂ ಸೋತರೂ ಇಷ್ಟು ದುಡ್ಡು ನಿಮ್ಮದು. ನಾವು ನಿಮ್ಮೂರಿಗೆ ಬರುವುದಿಲ್ಲ. ಹೀಗೆ ಬರುವ ದುರ್ಬಲ ತಂಡಕ್ಕೆ ಅಭಿಮಾನಿಗಳು ಇಟ್ಟ ಹೆಸರು ‘ಕಪ್‌ಕೇಕ್’. ಬಾಯಿಗೆ ಹಾಕಿದರೆ ಕರಗುವ ತಿಂಡಿ.

2012ರ ಒಂದು ಉದಾಹರಣೆ ನೋಡಿ. ಜಾರ್ಜಿಯಾ ರಾಜ್ಯದ ಸವನ್ನಾ ಸ್ಟೇಟ್ ಒಂದು ಸಣ್ಣ ವಿಶ್ವವಿದ್ಯಾಲಯ. ಕಪ್ಪು ಜನಾಂಗದ ಮಕ್ಕಳಿಗೆ ಬೇರೆ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಟ್ಟಿದ ಸಂಸ್ಥೆ. ಆ ವರ್ಷ ಅದು ಮೊದಲು ಓಕ್ಲಹೋಮ ಸ್ಟೇಟ್ ಮೈದಾನಕ್ಕೆ ಹೋಗಿ 84–0ರಿಂದ ಸೋತಿತು. ಮುಂದಿನ ವಾರ ಫ್ಲೋರಿಡಾ ಸ್ಟೇಟ್ ಮೈದಾನದಲ್ಲಿ 55–0. ಅದೂ ಮಳೆ–ಗುಡುಗಿನಿಂದ ಆಟ ನಡುವೆಯೇ ನಿಂತದ್ದರಿಂದ 55ಕ್ಕೆ ಮುಗಿಯಿತು. ಎರಡೂ ಪಂದ್ಯದಿಂದ ಕಾಲೇಜಿಗೆ ಬಂದದ್ದು 8 ಲಕ್ಷ 60 ಸಾವಿರ ಡಾಲರ್.

ಏಟು ತಿಂದ ಹುಡುಗರಿಗೆ ಬಂದದ್ದು? ಸೊನ್ನೆ. ವಿದ್ಯಾರ್ಥಿವೇತನ ಬಿಟ್ಟು ಆಟಗಾರನಿಗೆ ಸಂಬಳ ಕೊಡುವುದೇ ಆಗ ನಿಯಮಬಾಹಿರ. ಅದರಿಂದ ಆ ಕಾಲೇಜಿನ ಆಟ ಉದ್ಧಾರವಾಯಿತೇ? ಅದೂ ಇಲ್ಲ. 2019ರಲ್ಲಿ ಸವನ್ನಾ ಸ್ಟೇಟ್ ಆ ದರ್ಜೆಯನ್ನೇ ಬಿಟ್ಟು ಕೆಳಗಿನ ವಿಭಾಗಕ್ಕೆ ಇಳಿಯಿತು.

2015ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಮೈದಾನದಲ್ಲಿ ಇಂಥದೇ ಒಂದು ಪಂದ್ಯ. ಸದರ್ನ್ ಯೂನಿವರ್ಸಿಟಿ ಎಂಬ ಸಣ್ಣ ತಂಡದ ಹುಡುಗನೊಬ್ಬನಿಗೆ ಬೆನ್ನುಹುರಿಗೆ ಪೆಟ್ಟು ಬಿದ್ದು ಪಾರ್ಶ್ವವಾಯು ಆಯಿತು. ಇಂಥ ಪೆಟ್ಟು ಸಮಬಲದ ಪಂದ್ಯದಲ್ಲೂ ಆಗಬಹುದು, ಒಪ್ಪುತ್ತೇವೆ. ಆದರೆ ಮೈಗೆ ಇಷ್ಟು ಅಪಾಯ ಇರುವ ಆಟದಲ್ಲಿ ಒಂದೊಂದು ಪಂದ್ಯಕ್ಕೂ ಒಂದು ಅರ್ಥ ಇರಬೇಕು. ಬರೀ ಒಬ್ಬರ ಪಟ್ಟಿಗೆ ಒಂದು ಗೆಲುವು ಸೇರಿಸುವುದಕ್ಕೆ ಹುಡುಗರ ಬೆನ್ನುಮೂಳೆಯನ್ನು ಒಡ್ಡುವುದು ಆಟ ಅನ್ನಿಸಿಕೊಳ್ಳುವುದಿಲ್ಲ.

ಇನ್ನು ದೊಡ್ಡವರ ಧೈರ್ಯ ನೋಡಿ. ಫ್ಲೋರಿಡಾ ವಿಶ್ವವಿದ್ಯಾಲಯ ಎಸ್‌ಇಸಿಯ ಹೆಸರುವಾಸಿ ತಂಡ. 1991ರಲ್ಲಿ ಅದು ಸಿರಾಕ್ಯೂಸ್‌ಗೆ ಹೋಗಿ ಆಡಿತು. ಕೂಟದ ಹೊರಗಿನ ಎದುರಾಳಿಯ ಊರಿಗೆ, ತನ್ನ ರಾಜ್ಯದ ಗಡಿ ದಾಟಿ ಮತ್ತೆ ಅದು ಹೋದದ್ದು 2023ರಲ್ಲಿ, ಯೂಟಾಗೆ. 32 ವರ್ಷ! ಒಂದು ತಲೆಮಾರು ಹುಟ್ಟಿ, ಓದಿ, ಮದುವೆಯೂ ಆಗುವಷ್ಟು ಕಾಲ. ಹೋದ ಪಂದ್ಯದಲ್ಲಿ 24–11ರಿಂದ ಸೋತಿತು ಕೂಡ.

ಲೆಕ್ಕದ ಮೋಸ

ಇದು ಬರೀ ಸಣ್ಣವರ ಮೇಲಿನ ಕನಿಕರದ ಮಾತಲ್ಲ. ಇದರಿಂದ ಇಡೀ ಲೆಕ್ಕವೇ ಸುಳ್ಳಾಗುತ್ತದೆ. ಒಂದು ಕಾಗದ ತೆಗೆದುಕೊಳ್ಳಿ, ಕೂಡಿ ಕಳೆಯೋಣ.

16 ತಂಡಗಳ ಒಂದು ಕೂಟ. ಒಳಗೆ ತಲಾ 8 ಪಂದ್ಯ. ಒಬ್ಬರು ಗೆದ್ದರೆ ಇನ್ನೊಬ್ಬರು ಸೋಲಲೇಬೇಕು. ಆದ್ದರಿಂದ ಸರಾಸರಿ ಪ್ರತಿ ತಂಡಕ್ಕೆ 4 ಗೆಲುವು, 4 ಸೋಲು. ಈಗ ಹೊರಗಿನ 4 ಪಂದ್ಯಕ್ಕೂ ಕಪ್‌ಕೇಕ್‌ಗಳನ್ನೇ ಕರೆದು ಎಲ್ಲರೂ ಗೆದ್ದರು ಅನ್ನಿ. ಸರಾಸರಿ 8 ಗೆಲುವು, 4 ಸೋಲು.

ಇನ್ನೊಂದು ಕೂಟವೂ 16 ತಂಡದ್ದೇ. ಆದರೆ ಒಳಗೆ ತಲಾ 9 ಪಂದ್ಯ. ಹೊರಗೆ 3. ಅಲ್ಲೂ ಹೊರಗಿನವೆಲ್ಲ ಗೆಲುವೇ ಅನ್ನಿ. ಆದರೂ ಸರಾಸರಿ ಏಳೂವರೆ ಗೆಲುವು, ನಾಲ್ಕೂವರೆ ಸೋಲು. ಅಂದರೆ ಒಂದೇ ಒಂದು ಪಂದ್ಯವನ್ನು ಒಳಗಿನಿಂದ ಹೊರಗೆ ತಳ್ಳಿದ್ದಕ್ಕೆ ಮೊದಲ ಕೂಟದ ತಲೆಯ ಮೇಲಿನ ಸೋಲು ಒಟ್ಟು 8 ಕಡಿಮೆ. ಬೆವರು ಸುರಿಸಿ ಕಡಿಮೆ ಮಾಡಿದ್ದಲ್ಲ. ವೇಳಾಪಟ್ಟಿ ಬರೆಯುವಾಗ ಪೆನ್ನಿನಿಂದಲೇ ಕಡಿಮೆ ಮಾಡಿದ್ದು.

ಬಿಗ್ ಟೆನ್ 2016ರಿಂದ 9 ಪಂದ್ಯ ಆಡುತ್ತಿದೆ. ಎಸ್‌ಇಸಿ ಮಾತ್ರ 2025ರ ತನಕ 8ಕ್ಕೇ ಅಂಟಿಕೊಂಡಿತ್ತು. 2025ರ ಆಗಸ್ಟ್‌ನಲ್ಲಿ, 2026ರಿಂದ 9 ಆಡುತ್ತೇವೆ ಎಂದು ಘೋಷಿಸಿತು. ತಡವಾದರೂ ಸರಿ, ಒಳ್ಳೆಯದೇ.

ಇನ್ನೂ ದೊಡ್ಡ ಮೋಸ ಬೇರೆ ಇದೆ. ಕೂಟದೊಳಗೆ ಎಷ್ಟೇ ಆಡಿದರೂ ಆ ಕೂಟ ಬಲವಾಗಿದೆಯೇ ದುರ್ಬಲವಾಗಿದೆಯೇ ಎಂದು ಗೊತ್ತಾಗುವುದಿಲ್ಲ. ಒಂದೇ ತರಗತಿಯ ಮಕ್ಕಳು ತಮ್ಮತಮ್ಮಲ್ಲೇ ಓಡಿದರೆ ಆ ತರಗತಿಯಲ್ಲಿ ಯಾರು ಮೊದಲು ಎಂದು ತಿಳಿಯುತ್ತದೆ, ಇಡೀ ತಾಲ್ಲೂಕಿನಲ್ಲಿ ಆ ತರಗತಿ ಎಷ್ಟನೆಯದು ಎಂದು ತಿಳಿಯುವುದಿಲ್ಲ. ಅದಕ್ಕೆ ಹೊರಗಿನವರ ಜೊತೆ ಓಡಬೇಕು. ಎರಡು ಕೂಟಗಳ ನಡುವಿನ ಸೇತುವೆ ಅಂದರೆ ಆ ಮೂರು–ನಾಲ್ಕು ಹೊರಗಿನ ಪಂದ್ಯಗಳು ಮಾತ್ರ. ಆ ಸೇತುವೆಯನ್ನೇ ದುಡ್ಡು ಕೊಟ್ಟು ಮುರಿದುಬಿಟ್ಟರೆ ಉಳಿಯುವುದು ಏನು? ಹೆಸರು, ಹಳೆಯ ಖ್ಯಾತಿ, ಟೀವಿಯವರ ಹೊಗಳಿಕೆ.

ಆಮೇಲೆ ಇದೊಂದು ಸುತ್ತು ಶುರುವಾಗುತ್ತದೆ. ‘ನಾವು ಸೋತದ್ದು ಬಲಿಷ್ಠರ ಎದುರು.’ ಅವರು ಬಲಿಷ್ಠರು ಅಂತ ಹೇಗೆ ಗೊತ್ತು? ‘ನಮ್ಮನ್ನೇ ಸೋಲಿಸಿದರಲ್ಲ!’ ಬಾವಿ ಕಪ್ಪೆಗಳು ತಮ್ಮತಮ್ಮಲ್ಲೇ ಸಮುದ್ರದ ಅಳತೆ ಮಾಡಿದ ಹಾಗೆ.

ಗುದ್ದಾಡಿದವರಿಗೆ ದಂಡ

ಸರಿಯಾದ ಎದುರಾಳಿಯ ಜೊತೆ ಆಡಿದರೆ ಏನು ಗೊತ್ತಾಗುತ್ತದೆ ಅನ್ನುವುದಕ್ಕೂ ಸಾಕ್ಷಿ ಇದೆ.

2021ರಲ್ಲಿ ಸಿನ್ಸಿನಾಟಿ ಎಂಬ ಸಣ್ಣ ಕೂಟದ ತಂಡ ನೋಟರ್ ಡೇಮ್ ಎಂಬ ದೊಡ್ಡ ಹೆಸರಿನ ತಂಡವನ್ನು ಅವರ ಅಂಗಳದಲ್ಲೇ 24–13ರಿಂದ ಸೋಲಿಸಿತು. ಆ ಒಂದು ಗೆಲುವು ಇಲ್ಲದಿದ್ದರೆ ಸಮಿತಿ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾಲ್ಕು ತಂಡದ ಪ್ಲೇಆಫ್‌ಗೆ ಹೋದ ಮೊದಲ ಸಣ್ಣ ಕೂಟದ ತಂಡ ಅದು.

2017ರಲ್ಲಿ ಸೆಂಟ್ರಲ್ ಫ್ಲೋರಿಡಾ ವಿಶ್ವವಿದ್ಯಾಲಯಕ್ಕೆ ಆ ಅದೃಷ್ಟ ಇರಲಿಲ್ಲ. ಅದು ಒಂದೂ ಪಂದ್ಯ ಸೋಲಲಿಲ್ಲ. ಜಾರ್ಜಿಯಾ ಟೆಕ್ ಜೊತೆ ನಿಗದಿಯಾಗಿದ್ದ ಹೊರಗಿನ ಪಂದ್ಯ ಇರ್ಮಾ ಚಂಡಮಾರುತದಿಂದ ರದ್ದಾಯಿತು. ‘ನಿಮ್ಮ ಎದುರಾಳಿಗಳು ದುರ್ಬಲರು’ ಎಂದು ಸಮಿತಿ ಅದನ್ನು 12ನೇ ಸ್ಥಾನಕ್ಕೆ ತಳ್ಳಿತು. ಆಮೇಲೆ ಪೀಚ್ ಬೌಲ್ ಎಂಬ ಪಂದ್ಯದಲ್ಲಿ ಅದು ಆಬರ್ನ್ ತಂಡವನ್ನು 34–27ರಿಂದ ಸೋಲಿಸಿತು. ಆಬರ್ನ್ ಅಂದರೆ ಯಾರು? ಆ ವರ್ಷದ ರಾಷ್ಟ್ರೀಯ ಫೈನಲ್ ಆಡಿದ ಅಲಬಾಮ ಮತ್ತು ಜಾರ್ಜಿಯಾ, ಎರಡನ್ನೂ ಅದೇ ಋತುವಿನಲ್ಲಿ ಸೋಲಿಸಿದ್ದ ತಂಡ! ದೊಡ್ಡವರು ನಿಮ್ಮ ಜೊತೆ ಆಡಲು ಬರುವುದಿಲ್ಲ, ಆಮೇಲೆ ನೀವು ದೊಡ್ಡವರ ಜೊತೆ ಆಡಿಲ್ಲ ಎಂದು ಶಿಕ್ಷೆ ಕೊಡುತ್ತಾರೆ. ಬಾವಿಗೆ ಇಳಿಯಲು ಬಿಡದೆ, ನಿನಗೆ ಈಜು ಬರುವುದಿಲ್ಲ ಎಂದು ಹಂಗಿಸಿದ ಹಾಗೆ.

2023ರಲ್ಲಿ ಫ್ಲೋರಿಡಾ ಸ್ಟೇಟ್ ಇದರ ಇನ್ನೊಂದು ಮುಖ ನೋಡಿತು. ಕೂಟದ ಹೊರಗೆ ಎಲ್‌ಎಸ್‌ಯು ಮತ್ತು ಫ್ಲೋರಿಡಾ, ಎರಡೂ ಎಸ್‌ಇಸಿ ತಂಡಗಳನ್ನು ಸೋಲಿಸಿತು. 13 ಆಡಿ 13ನ್ನೂ ಗೆದ್ದಿತು. ಆದರೂ ಹೊರಗೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಇಡೀ ಆಟ ನಡೆಸುವ ಹುಡುಗ, ಗಾಯಗೊಂಡಿದ್ದಾನೆ, ಈಗ ಈ ತಂಡ ಮೊದಲಿನಂತಿಲ್ಲ ಎಂದು ಸಮಿತಿ ಕಾರಣ ಕೊಟ್ಟಿತು. ಹಾಗಾದರೆ ಕಷ್ಟದ ಪಂದ್ಯ ಆಡಿ ಗೆದ್ದದ್ದು ಯಾವ ಲೆಕ್ಕಕ್ಕೆ?

2025ರಲ್ಲಿ ಟೆಕ್ಸಸ್ ತಂಡ ಋತುವಿನ ಮೊದಲ ಪಂದ್ಯಕ್ಕೇ ಹಿಂದಿನ ವರ್ಷದ ಚಾಂಪಿಯನ್ ಓಹಾಯೋ ಸ್ಟೇಟ್‌ನ ಊರಿಗೆ ಹೋಯಿತು. 14–7ರಿಂದ ಸೋತಿತು. ಕೊನೆಗೆ 9 ಗೆಲುವು, 3 ಸೋಲು. ಪ್ಲೇಆಫ್ ಇಲ್ಲ. ನಿಜ ಹೇಳಬೇಕು: ಆ ವರ್ಷ ದುರ್ಬಲವಾಗಿದ್ದ ಫ್ಲೋರಿಡಾ ಎದುರೂ ಟೆಕ್ಸಸ್ ಸೋತಿತ್ತು, ಅದು ಅವರದೇ ತಪ್ಪು. ಆದರೂ ಓಹಾಯೋಗೆ ಹೋಗುವ ಬದಲು ಒಂದು ಕಪ್‌ಕೇಕ್ ಕರೆದಿದ್ದರೆ 10–2 ಆಗಿರುತ್ತಿತ್ತು. ಇದನ್ನು ನೋಡಿದ ಬೇರೆ ಕಾಲೇಜಿನವರು ಕಲಿಯುವ ಪಾಠ ಯಾವುದು? ಮನೆಯಲ್ಲೇ ಇರು, ಮೆತ್ತಗಿನವನನ್ನು ಕರೆ, ಹೊಡೆ, ಎಣಿಸು.

ಅದನ್ನೇ ಕಲಿಯುತ್ತಿದ್ದಾರೆ. ಇಂಡಿಯಾನಾ ವಿಶ್ವವಿದ್ಯಾಲಯ ಲೂಯಿವಿಲ್ ಜೊತೆಗಿನ ಒಪ್ಪಂದ ಕೈಬಿಟ್ಟು, 2024ರಲ್ಲಿ ಹೊರಗಿನ ಮೂರೂ ಪಂದ್ಯ ಸುಲಭದವರ ಜೊತೆ ಆಡಿ, 11–1 ಆಗಿ ಪ್ಲೇಆಫ್‌ಗೆ ಹೋಯಿತು. ಅದೇ ವರ್ಷ ಅಲಬಾಮ 9–3 ಆಗಿ ಹೊರಗುಳಿದಾಗ ಅದರ ಕ್ರೀಡಾ ನಿರ್ದೇಶಕರು, ಇನ್ನು ಮುಂದೆ ಹೊರಗಿನ ಪಂದ್ಯಗಳನ್ನು ಹೇಗೆ ಹಾಕಿಕೊಳ್ಳಬೇಕೆಂದು ಯೋಚಿಸಬೇಕಾಗುತ್ತದೆ ಎಂಬ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು.

ಅವರು ಹೇಳುವ ಸಮಜಾಯಿಷಿ

ನ್ಯಾಯವಾಗಿ ಎದುರು ಪಕ್ಷದ ಮಾತನ್ನೂ ಕೇಳೋಣ.

ಒಂದು: ‘ಆ ದುಡ್ಡಿಲ್ಲದಿದ್ದರೆ ಸಣ್ಣ ಕಾಲೇಜುಗಳ ಆಟ ನಿಂತೇ ಹೋಗುತ್ತದೆ.’ ಇದರಲ್ಲಿ ಸತ್ಯ ಇದೆ. ಒಂದು ಪಂದ್ಯಕ್ಕೆ 10 ಲಕ್ಷ ಡಾಲರ್ ದಾಟುವುದು ಈಗ ಸಾಮಾನ್ಯ. ಆ ದುಡ್ಡಿನಲ್ಲಿ ಈಜು, ಓಟ, ಹೆಣ್ಣುಮಕ್ಕಳ ವಾಲಿಬಾಲ್ ಎಲ್ಲವೂ ನಡೆಯುತ್ತವೆ. ಅದು ಸಾಲದೆ ಹಲವು ಸಣ್ಣ ಸರ್ಕಾರಿ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಂದಲೇ ಕ್ರೀಡಾ ಶುಲ್ಕ ವಸೂಲಿ ಮಾಡುತ್ತವೆ. ಇಲ್ಲಿಂದ ಸಾಲ ಮಾಡಿ ಓದಲು ಹೋದ ನಮ್ಮ ಮಕ್ಕಳಲ್ಲೂ ಕೆಲವರು ಅದನ್ನು ಕಟ್ಟುತ್ತಾರೆ. ಆದರೆ ಆಟದಲ್ಲಿ ದುಡ್ಡಿಗೆ ಬರವೇ? ಪ್ಲೇಆಫ್ ಪ್ರಸಾರಕ್ಕೆ ಈಎಸ್‌ಪಿಎನ್ 2026ರಿಂದ ಆರು ವರ್ಷಕ್ಕೆ ಒಪ್ಪಿದ ಮೊತ್ತ 780 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡೇ ಕೂಟಗಳಿಗೆ. ಸಣ್ಣವರನ್ನು ಉಳಿಸುವ ಮನಸ್ಸಿದ್ದರೆ ಅಲ್ಲಿಂದ ನೇರವಾಗಿ ಪಾಲು ಕೊಡಿ. ಹಸಿದವನಿಗೆ ಅನ್ನ ಹಾಕುವುದಕ್ಕೆ ಮೊದಲು ಕೆನ್ನೆಗೆ ಹೊಡೆಯಲೇಬೇಕು ಅನ್ನುವುದು ಯಾವ ಧರ್ಮ?

ಎರಡು: ‘ಕೆಲವೊಮ್ಮೆ ಸಣ್ಣವರೂ ಗೆಲ್ಲುತ್ತಾರಲ್ಲ!’ ಹೌದು. 2007ರ ಸೆಪ್ಟೆಂಬರ್ 1ರಂದು ಕೆಳ ದರ್ಜೆಯ ಆಪಲೇಶಿಯನ್ ಸ್ಟೇಟ್, ದೇಶದಲ್ಲೇ 5ನೇ ಸ್ಥಾನದಲ್ಲಿದ್ದ ಮಿಶಿಗನ್ ತಂಡವನ್ನು ಲಕ್ಷ ಜನರ ಎದುರು 34–32ರಿಂದ ಸೋಲಿಸಿತು. ಸೋಲಲು ಕರೆದವರಿಗೆ ಮಿಶಿಗನ್ 4 ಲಕ್ಷ ಡಾಲರ್ ಕೊಟ್ಟಿತ್ತು! 2024ರಲ್ಲಿ ನೋಟರ್ ಡೇಮ್ 14 ಲಕ್ಷ ಡಾಲರ್, ಅಂದರೆ ಸುಮಾರು 12 ಕೋಟಿ ರೂಪಾಯಿ ಕೊಟ್ಟು ನಾರ್ದರ್ನ್ ಇಲಿನಾಯ್ ತಂಡವನ್ನು ಕರೆಸಿ 16–14ರಿಂದ ಸೋತಿತು. ಇಂಥ ದಿನಗಳ ಸಂತೋಷ ನಮಗೂ ಗೊತ್ತು. ಆದರೆ ಲಾಟರಿ ಹೊಡೆದ ಒಬ್ಬನನ್ನು ತೋರಿಸಿ ಊರೆಲ್ಲ ಶ್ರೀಮಂತ ಅನ್ನುವುದು ಸರಿಯೇ? ಸಣ್ಣವರಿಗೆ ನಿಜವಾದ ಅವಕಾಶ ಕೊಡಬೇಕಿದ್ದರೆ ಒಮ್ಮೆ ಅವರ ಊರಿಗೂ ಹೋಗಿ ಆಡಿ.

ಮೂರು: ‘ಇವೆಲ್ಲ ಎಷ್ಟೋ ವರ್ಷ ಮುಂಚೆಯೇ ಆಗುವ ಒಪ್ಪಂದಗಳು, ಬದಲಿಸಲು ಆಗುವುದಿಲ್ಲ.’ ಇದು ಶುದ್ಧ ನೆಪ. ಬೇಡದ ಒಪ್ಪಂದವನ್ನು ದಂಡ ಕಟ್ಟಿಯಾದರೂ ಮುರಿಯುವುದು ಅವರಿಗೆ ಗೊತ್ತಿದೆ. 2020ರಲ್ಲಿ ಕೋವಿಡ್ ಕಾಲದಲ್ಲಿ ಕೋಸ್ಟಲ್ ಕ್ಯಾರೊಲೈನಾ ತಂಡದ ಎದುರಾಳಿ ಬರಲು ಆಗಲಿಲ್ಲ. ಅದೂ ಒಂದೂ ಪಂದ್ಯ ಸೋತಿರಲಿಲ್ಲ, ದೂರದ ಯೂಟಾದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯವೂ ಸೋತಿರಲಿಲ್ಲ. ಗುರುವಾರ ಮಾತಾಯಿತು, ಶನಿವಾರ ಡಿಸೆಂಬರ್ 5ರಂದು ಪಂದ್ಯ. ದೇಶದ ಆ ತುದಿಯಿಂದ ಈ ತುದಿಗೆ ಹಾರಿ ಬಂದರು. ಕೋಸ್ಟಲ್ 22–17ರಿಂದ ಗೆದ್ದಿತು. ಕೊನೆಯ ಕ್ಷಣದಲ್ಲಿ ಎದುರಾಳಿಯನ್ನು ಗೆರೆಗೆ ಒಂದು ಗಜ ದೂರದಲ್ಲಿ ಕೆಡವಿದರು. ಮೂರು ದಿನದಲ್ಲಿ ಕಟ್ಟಿದ ಜೋಡಿ, ಆ ವರ್ಷದ ಅತಿ ಒಳ್ಳೆಯ ಆಟಗಳಲ್ಲಿ ಒಂದು. ಮನಸ್ಸಿದ್ದರೆ ಮಾರ್ಗ.

ನಾಲ್ಕು: ‘ಇಂಡಿಯಾನಾ ನೋಡಿ, 2025ರಲ್ಲೂ ಹೊರಗಿನವರು ಸುಲಭದವರೇ, ಆದರೂ ಎಲ್ಲರನ್ನೂ ಸೋಲಿಸಿ ಚಾಂಪಿಯನ್ ಆಯಿತಲ್ಲ!’ ಆಯಿತು, ಮೆಚ್ಚುತ್ತೇವೆ. ಅದು ಗೆದ್ದದ್ದು ಓಹಾಯೋ ಸ್ಟೇಟ್, ಅಲಬಾಮ, ಒರೆಗಾನ್, ಮಯಾಮಿಯಂಥ ಬಲಿಷ್ಠರ ಎದುರು. ಅದು ದೊಡ್ಡ ತಂಡ ಎಂದು ನಾವು ತಿಳಿದದ್ದು ಆ ಪಂದ್ಯಗಳಿಂದ. ಸೆಪ್ಟೆಂಬರ್‌ನಲ್ಲಿ ಇಂಡಿಯಾನಾ ಸ್ಟೇಟ್ ಎಂಬ ಕೆಳ ದರ್ಜೆಯ ತಂಡವನ್ನು 73–0ರಿಂದ ಹೊಡೆದದ್ದರಿಂದ ಏನೂ ತಿಳಿಯಲಿಲ್ಲ. ಇದು ನಮ್ಮ ವಾದಕ್ಕೇ ಸಾಕ್ಷಿ. ನಿಜವಾಗಿ ಬಲ ಇರುವವನಿಗೆ ಮೆತ್ತಗಿನ ಜೋಡಿಯ ಅಗತ್ಯವೇ ಇಲ್ಲ.

ಹಾಗಾದರೆ ಏನು ಮಾಡಬೇಕು?

ಬರೀ ಬೈದು ಬಿಡುವುದು ನಮ್ಮ ಬಳಗದ ಅಭ್ಯಾಸವಲ್ಲ. ನಾವು ಹೇಳುವುದು ನಾಲ್ಕೇ ಮಾತು.

1. ಎಲ್ಲ ದೊಡ್ಡ ಕೂಟಗಳೂ ಒಳಗೆ 9 ಪಂದ್ಯ ಆಡಲಿ. ಹೊರಗಿನ ಮೂರರಲ್ಲಿ ಎರಡನ್ನು ಕೂಟಗಳಿಗೆ ಸೇರದ ಒಂದು ಮಂಡಳಿ, ಹಿಂದಿನ ವರ್ಷದ ಸ್ಥಾನ ನೋಡಿ ಜೋಡಿ ಮಾಡಲಿ. ಒಂದು ಪಂದ್ಯ ತನ್ನ ಊರಲ್ಲಿ, ಒಂದು ಎದುರಾಳಿಯ ಊರಲ್ಲಿ. ಇದು ಆಗದ ಮಾತಲ್ಲ. ಅದೇ ದೇಶದ ವೃತ್ತಿಪರ ಫುಟ್‌ಬಾಲ್ ಆದ ಎನ್‌ಎಫ್‌ಎಲ್‌ನಲ್ಲಿ ಎದುರಾಳಿ ಯಾರೆಂದು ನಿಯಮವೇ ಹೇಳುತ್ತದೆ. ಕೆಲವು ಪಂದ್ಯಗಳು ಹಿಂದಿನ ವರ್ಷದ ಸ್ಥಾನದ ಪ್ರಕಾರವೇ ಸಿಗುತ್ತವೆ. ಅಲ್ಲಿ ಯಾವ ತಂಡವೂ ತನ್ನ ಎದುರಾಳಿಯನ್ನು ಆರಿಸಿಕೊಳ್ಳುವುದಿಲ್ಲ.

2. ಕೆಳ ದರ್ಜೆಯ ತಂಡದ ಮೇಲಿನ ಗೆಲುವನ್ನು ಪ್ಲೇಆಫ್ ಆಯ್ಕೆಯಲ್ಲಿ ಎಣಿಸಬೇಡಿ. ಋತುವಿನ ಕೊನೆಯ ಬೌಲ್ ಪಂದ್ಯಗಳ ಅರ್ಹತೆಗೆ 6 ಗೆಲುವು ಬೇಕು, ಅದರಲ್ಲಿ ಇಂಥ ಗೆಲುವು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು ಎಂಬ ನಿಯಮ ಈಗಲೇ ಇದೆ. ಅದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯಿರಿ.

3. ಬಲಿಷ್ಠ ಎದುರಾಳಿಯ ಊರಿಗೆ ಹೋಗಿ ಅಲ್ಪ ಅಂತರದಲ್ಲಿ ಸೋತವನು, ಮನೆಯಲ್ಲಿ ಕಪ್‌ಕೇಕ್ ತಿಂದವನಿಗಿಂತ ಕೆಳಗೆ ಹೋಗಬಾರದು. 2014ರಲ್ಲಿ ಓಹಾಯೋ ಸ್ಟೇಟ್ ಕೂಟದ ಹೊರಗೆ ವರ್ಜೀನಿಯಾ ಟೆಕ್ ಎದುರು 35–21ರಿಂದ ಸೋತಿತ್ತು. ಆದರೂ ಸಮಿತಿ ಅದನ್ನು ತೆಗೆದುಕೊಂಡಿತು. ಹೊರಗೆ ಸುಲಭದ ಮೂರು ಪಂದ್ಯ ಆಡಿದ್ದ ಬೇಲರ್ ತಂಡವನ್ನು, ಅದೂ 11–1 ಇದ್ದರೂ, ಬಿಟ್ಟಿತು. ಓಹಾಯೋ ಸ್ಟೇಟ್ ಆ ವರ್ಷ ಚಾಂಪಿಯನ್ ಆಯಿತು. ಅವತ್ತು ಸಮಿತಿಗೆ ಇದ್ದ ಬುದ್ಧಿ ಪ್ರತಿ ವರ್ಷವೂ ಇರಲಿ. 2025ರ ಆಗಸ್ಟ್‌ನಲ್ಲಿ ಎದುರಾಳಿಗಳ ಬಲಕ್ಕೆ ಹೆಚ್ಚು ತೂಕ ಕೊಡುತ್ತೇವೆ ಎಂದು ಸಮಿತಿ ಹೇಳಿದೆ. ಹೇಳಿದ್ದು ಸಾಲದು, ತೀರ್ಪಿನಲ್ಲಿ ಕಾಣಬೇಕು.

4. ಗ್ಯಾರಂಟಿ ಪಂದ್ಯ ಉಳಿದರೆ, ಅದರ ದುಡ್ಡಿನಲ್ಲಿ ಏಟು ತಿನ್ನುವ ಹುಡುಗರಿಗೂ ಪಾಲು ಸಿಗಲಿ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದು ಕಾಲೇಜು ತನ್ನ ಆಟಗಾರರಿಗೆಲ್ಲ ಸೇರಿ 2025–26ರಲ್ಲಿ 2 ಕೋಟಿ 5 ಲಕ್ಷ ಡಾಲರ್ ತನಕ ನೇರವಾಗಿ ಕೊಡಬಹುದಿತ್ತು. ಅಷ್ಟು ಕೊಡುವ ಶಕ್ತಿ ದೊಡ್ಡವರಿಗೆ ಮಾತ್ರ. ಹಾಗಾದರೆ 71–0 ಆಗುವ ಮೈದಾನದಲ್ಲಿ ಆ ಕಡೆಯವನಿಗೆ ಸಂಬಳ, ಈ ಕಡೆಯವನಿಗೆ ಬಾಸುಂಡೆ. ಅಂತರ ಕಡಿಮೆಯಾಗುವುದಿರಲಿ, ಇನ್ನೂ ಹೆಚ್ಚುತ್ತದೆ.

ಕೊನೆಯ ಮಾತು

ಓದುಗರೇ, ನಾವು ಆ ದೇಶದ ಮತದಾರರಲ್ಲ, ಟಿಕೆಟ್ ಕೊಳ್ಳುವವರೂ ಅಲ್ಲ. ಆದರೆ ಆಟ ನೋಡುವ ಕಣ್ಣು ಎಲ್ಲರದ್ದೂ ಒಂದೇ. ನಮ್ಮ ಅಖಾಡದ ಸುತ್ತ ಕೂತ ಅಜ್ಜಂದಿರು ಜೋಡಿ ಸರಿಯಿಲ್ಲದ ಕುಸ್ತಿಗೆ ಚಪ್ಪಾಳೆ ತಟ್ಟುವುದಿಲ್ಲ. ಗೆದ್ದವನು ಎಷ್ಟೇ ದೊಡ್ಡ ಪೈಲ್ವಾನನಾಗಿರಲಿ, ‘ಎದ್ದು ಬಾರಪ್ಪಾ, ಸಮದವನ ಜೊತೆ ಹಿಡಿ’ ಅನ್ನುತ್ತಾರೆ. ಆ ಅಜ್ಜಂದಿರ ಮಾತನ್ನೇ ನಾವು ಆ 13 ಜನರ ಸಮಿತಿಗೆ ಹೇಳುತ್ತಿದ್ದೇವೆ.

ಮುಂದಿನ ಸೆಪ್ಟೆಂಬರ್‌ನಲ್ಲಿ ನಿಮ್ಮ ಮೊಬೈಲಿಗೆ 70–0 ಎಂಬ ಇನ್ನೊಂದು ತುಣುಕು ಬರುತ್ತದೆ. ಎಂಥಾ ತಂಡ ಎಂದು ಬೆರಗಾಗುವ ಮೊದಲು ಒಂದು ಪ್ರಶ್ನೆ ಕೇಳಿ: ಈ ಜೋಡಿ ಕಟ್ಟಿದವರು ಯಾರು, ಅದಕ್ಕೆ ಕೊಟ್ಟದ್ದೆಷ್ಟು?